ದೇವರಲ್ಲ, ಡೀಸೆಲ್ ಗಾಡಿ

ಹುಬ್ಬಳ್ಳಿ, ಎಣಿಕೆ 88, ಅಧಿಕ ಮಾಸ 19

ಈ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗುವುದಿಲ್ಲ, ಹುಡುಕಬೇಡಿ. ನಿಮ್ಮ ಲೆಕ್ಕಕ್ಕೆ ಇದು 2151ನೆಯ ಇಸವಿಯ ಮಳೆಗಾಲ. ನಾವೀಗ ವರ್ಷಕ್ಕೆ ಹದಿಮೂರು ತಿಂಗಳು, ತಿಂಗಳಿಗೆ ಇಪ್ಪತ್ತೆಂಟು ದಿನ ಎಣಿಸುತ್ತೇವೆ. ಹೆಚ್ಚಿನ ಒಂದು ತಿಂಗಳನ್ನು ಮಳೆಗಾಲದ ನಡುವೆ ತುರುಕಿದ್ದಾರೆ. ಅದಕ್ಕೆ ಸರ್ಕಾರ ಬೇರೇನೋ ಹೆಸರಿಟ್ಟಿತ್ತು. ಜನ ಅಧಿಕ ಮಾಸವೆಂದೇ ಕರೆದರು. ಹತ್ತು ವರ್ಷ ಕಾದು ಸರ್ಕಾರವೇ ಸೋತಿತು. ನಮ್ಮ ಕಾಲದಲ್ಲೂ ಸರ್ಕಾರಗಳು ಒಮ್ಮೊಮ್ಮೆ ಸೋಲುತ್ತವೆ ಎಂಬುದು ನಿಮಗೆ ಮೊದಲೇ ತಿಳಿದಿರಲಿ.

ನಿಮಗೆ ಗೊತ್ತಿಲ್ಲದ ಕೆಲವು ಪದಗಳು ನನ್ನ ಬರಹದಲ್ಲಿ ಬರುತ್ತವೆ, ಕ್ಷಮಿಸಿ. ನಿಮ್ಮಲ್ಲಿದ್ದು ನಾವು ಕಳೆದುಕೊಂಡ ಪದಗಳು ಅದಕ್ಕಿಂತ ಹೆಚ್ಚು, ಅದಕ್ಕೆ ಯಾರು ಕ್ಷಮೆ ಕೇಳಬೇಕೋ ಗೊತ್ತಿಲ್ಲ. ‘ರಿಪೇರಿ’ ಎಂಬ ಪದ ನಮ್ಮ ನಿಘಂಟಿನಲ್ಲಿ ‘ಹಳೆಯ ಬಳಕೆ’ ಎಂಬ ಗುರುತಿನೊಂದಿಗೆ ಉಳಿದಿದೆ. ಈಗ ಕೆಟ್ಟದ್ದು ಬದಲಾಗುತ್ತದೆ, ಸರಿಯಾಗುವುದಿಲ್ಲ. ಹಿಂದಿನವರಿಗೆ ಕಾಗದ ಮುಟ್ಟುವುದಿಲ್ಲ ಎಂದು ನಗುವವರಿದ್ದಾರೆ. ಮಹಾಲಯ ಅಮಾವಾಸ್ಯೆಗೆ ನಾವು ಇಂದಿಗೂ ಹಿರಿಯರಿಗೆ ಎಡೆ ಇಡುತ್ತೇವೆ. ಹೋಳಿಗೆ ಮುಟ್ಟುವುದಾದರೆ ಕಾಗದವೂ ಮುಟ್ಟಲಿ.

ನಾನು ನೀಲಾಂಬಿಕಾ ಹುಲಕೋಟಿ. ವಯಸ್ಸು ಎಪ್ಪತ್ತನಾಲ್ಕು. ಮೂವತ್ತೆರಡು ವರ್ಷ ಶಾಲೆಯಲ್ಲಿ ಇತಿಹಾಸ ಕಲಿಸಿದ್ದರಿಂದ ಇಡೀ ಓಣಿ ನನ್ನನ್ನು ಅಕ್ಕೋರು ಎನ್ನುತ್ತದೆ. ನನ್ನ ಮನೆಯ ಹಿಂದಿನ ತಗಡಿನ ಕೊಟ್ಟಿಗೆಯಲ್ಲಿ ನಿಮ್ಮ ಕಾಲದ ಒಂದು ದೊಡ್ಡ ಡೀಸೆಲ್ ಗಾಡಿ ಇದೆ. ನೀವು ಎಸ್‌ಯುವಿ ಎನ್ನುತ್ತಿದ್ದ, ಶ್ರೀಮಂತರ ಜಾತಿಯ ಗಾಡಿ. ನಾಡಿದ್ದು, ಅಧಿಕದ ಇಪ್ಪತ್ತೊಂದಕ್ಕೆ, ಅದರ ಎಂಜಿನ್ನಿನೊಳಗೆ ಅರಗು ಹೊಯ್ಯಲು ಇಲಾಖೆಯವರು ಬರುತ್ತಾರೆ. ಬಿಸಿಯಾಗಿ ಹೊಯ್ದು ತಣ್ಣಗಾದ ಮೇಲೆ ಕಲ್ಲಿನಂತಾಗುವ ಒಂದು ಅಂಟು ಅದು. ಒಮ್ಮೆ ಹೊಯ್ದರೆ ಆ ಎಂಜಿನ್ನು ಮತ್ತೆ ತಿರುಗುವುದಿಲ್ಲ. ಹೊಯ್ಯಿಸಿಕೊಳ್ಳುವುದಿಲ್ಲ ಎಂದು ನಾನು ಹೇಳಿದ್ದೇನೆ. ಅದರ ಕಾರಣ ನಿಮಗೂ ಗೊತ್ತಿರಬೇಕು, ಏಕೆಂದರೆ ತಪ್ಪಿನ ಒಂದು ತುದಿ ನಿಮ್ಮ ಕೈಯಲ್ಲಿದೆ.

ಗಾಡಿಯನ್ನು ತಂದವರು ನನ್ನ ಅಜ್ಜಿಯ ತಂದೆ ಶಿವಯೋಗೆಪ್ಪ. ಹಿಟ್ಟಿನ ಗಿರಣಿ ಇಟ್ಟಿದ್ದವರು. ಆಗ ದೆಹಲಿಯಲ್ಲಿ ಡೀಸೆಲ್ ಗಾಡಿಗೆ ಹತ್ತೇ ವರ್ಷ ಆಯುಸ್ಸು ಎಂಬ ನಿಯಮವಿತ್ತಂತೆ. ಅಲ್ಲಿ ಮುದಿಯಾದದ್ದನ್ನು ಇವರು ರೈಲಿನಲ್ಲಿ ಹೋಗಿ ಕೊಂಡು, ಮೂರು ದಿನ ಓಡಿಸಿಕೊಂಡು ಬಂದರು. ಕಂಪನಿಯ ಹೆಸರು ನನಗೆ ಗೊತ್ತಿಲ್ಲ. ಮುಂದಿನ ಲಾಂಛನವನ್ನು ಅಜ್ಜಿಯ ಮದುವೆಯ ದಿನ ಯಾರೋ ಕಿತ್ತುಕೊಂಡು ಹೋದರು. ಅದರ ಸೀಟಿಗೆ ಚರ್ಮ ಹೊದಿಸಿದೆ. ಸೀಟನ್ನು ಬಿಸಿ ಮಾಡುವ ಒಂದು ಗುಂಡಿಯೂ ಇದೆ. ಹುಬ್ಬಳ್ಳಿಯ ಬೇಸಿಗೆಗೆ ಸೀಟು ಬಿಸಿ ಮಾಡುವ ಗುಂಡಿ. ನಾಲ್ಕು ತಲೆಮಾರಿನಲ್ಲಿ ಅದನ್ನು ಒತ್ತಿದವರು ಒಬ್ಬರೇ, ಸೊಂಟನೋವಿದ್ದ ನನ್ನ ಸೋದರತ್ತೆ.

ನಿಮ್ಮ ಮೇಲೆ ನನಗೆ ಸಿಟ್ಟಿಲ್ಲವೆಂದು ತಿಳಿಯಬೇಡಿ. ಎರಡು ಟನ್ನಿನ ಗಾಡಿ ಹೊರಡಿಸಿಕೊಂಡು ಒಂದು ಕಟ್ಟು ಕೊತ್ತಂಬರಿ ತರಲು ಹೋದವರು ನೀವು. ಆ ಹೊಗೆಯನ್ನು ಉಸಿರಾಡಿದವರು ನಾವು. ನಮ್ಮ ಅವ್ವನ ಎದೆಯಲ್ಲಿ ಕೊನೆಯ ಹತ್ತು ವರ್ಷ ಗೊರಗೊರ ಸದ್ದಿತ್ತು. ಆದರೆ ಹೊಗೆ ಬಿಟ್ಟದ್ದು ಗಾಡಿಯ ತಪ್ಪಲ್ಲ, ಅದನ್ನು ಕೊತ್ತಂಬರಿಗೆ ಕಳಿಸಿದವರ ತಪ್ಪು. ನಮ್ಮ ಗಾಡಿ ಈಗ ಕುಡಿಯುವುದು ಹೊಂಗೆ ಎಣ್ಣೆ. ಕಾಲುವೆಯ ದಂಡೆಯಲ್ಲಿ ಸಾಲಾಗಿ ನಿಂತ ಹೊಂಗೆ ಮರಗಳ ಬೀಜ ಆರಿಸಿ ತಂದು ಗಾಣಕ್ಕೆ ಹಾಕುತ್ತೇವೆ. ಬಂದ ಎಣ್ಣೆಗೆ ಬಿಸಿನೀರು ಬೆರೆಸಿ ಎರಡು ದಿನ ಬಿಟ್ಟರೆ ಜಿಗುಟೆಲ್ಲ ತಳಕ್ಕಿಳಿಯುತ್ತದೆ. ಮೇಲಿನದನ್ನು ನಾಲ್ಕು ಮಡಿಕೆಯ ಧೋತರದಲ್ಲಿ ಸೋಸಿ, ಬಿಸಿಲಿಗಿಟ್ಟು, ಮತ್ತೆ ಸೋಸಬೇಕು. ಸೋಸುವುದರಲ್ಲಿ ಆತುರಪಟ್ಟವರಿಗೆ ಗಾಡಿ ನಡುದಾರಿಯಲ್ಲಿ ಪಾಠ ಕಲಿಸುತ್ತದೆ.

ಹಳೆಯ ಗಾಡಿಯನ್ನು ಮನೆಯಲ್ಲೇ ಸಂಭಾಳಿಸುವುದೆಂದರೆ ಹಿರಿಯ ಅತ್ತೆಯೊಬ್ಬಳನ್ನು ನೋಡಿಕೊಂಡಂತೆ. ಅದು ಕೇಳುವ ಮೊದಲೇ ನಾವು ತಿಳಿಯಬೇಕು. ಗಾಡಿ ಬಂದ ಹೊಸತರಲ್ಲಿ ನಾಲ್ಕೂ ಚಕ್ರದ ಮೇಲೆ ಸ್ಪ್ರಿಂಗಿಗೆ ಬದಲು ಗಾಳಿ ತುಂಬಿದ ರಬ್ಬರ್ ಚೀಲಗಳಿದ್ದವಂತೆ. ಒಂದು ಚೀಲ ಸೋರಿದರೆ ಬೆಳಗಾಗುವುದರಲ್ಲಿ ಗಾಡಿ ಒಂಟೆಯಂತೆ ಒಂದು ಮೊಣಕಾಲೂರಿ ಕೂತಿರುತ್ತಿತ್ತು. ಕಂಪನಿಯವರು ನಾಲ್ಕನ್ನೂ ಬದಲಿಸಬೇಕೆಂದರು. ಶಿವಯೋಗೆಪ್ಪನವರ ಗೆಳೆಯ, ಮೆಕ್ಯಾನಿಕ್ ದಾವಲಸಾಬ ನದಾಫರು, ನಾಲ್ಕನ್ನೂ ಕಿತ್ತೆಸೆದು ಲಾರಿಯ ಉಕ್ಕಿನ ಸ್ಪ್ರಿಂಗು ಕೂಡಿಸಿದರು. ಅಂದಿನಿಂದ ಗಾಡಿ ಕುಂತಿಲ್ಲ, ಒಳಗೆ ಕೂತವರ ಸೊಂಟ ಮಾತ್ರ ಕುಂತಿದೆ. ಎಂಜಿನ್ನಿಗೆ ಎಣ್ಣೆ ಹಂಚುತ್ತಿದ್ದ ಕಂಪ್ಯೂಟರು ಸತ್ತಾಗ ದಾವಲಸಾಬರ ಮಗ ಹಳೆಯ ಟ್ರ್ಯಾಕ್ಟರಿನ ಪಂಪನ್ನು ಹೊಂದಿಸಿಕೊಟ್ಟರು. ಆ ಕೆಲಸಕ್ಕೆ ಹದಿನಾಲ್ಕು ತಿಂಗಳು ಹಿಡಿಯಿತು. ಅಷ್ಟೂ ದಿನ ಗಾಡಿಯ ಮುಂಭಾಗದ ಕರುಳೆಲ್ಲ ನಮ್ಮ ನಡುಮನೆಯಲ್ಲಿ ಹಾಸಿದ ಗೋಣಿತಾಟಿನ ಮೇಲಿತ್ತು, ನೆಂಟರು ಅದನ್ನು ದಾಟಿಕೊಂಡೇ ಒಳಗೆ ಬರುತ್ತಿದ್ದರು.

ಎಲ್ಲಕ್ಕಿಂತ ಹೆಚ್ಚು ನಾನು ಹೇಳಬೇಕಾದದ್ದು ಕಡ್ಡಿಯ ಕಥೆ. ಎಂಜಿನ್ನಿನಲ್ಲಿ ಸವೆತ ತಡೆಯುವ ಎಣ್ಣೆ ಎಷ್ಟಿದೆ ಎಂದು ಅದ್ದಿ ನೋಡುವ ಉದ್ದ ಕಡ್ಡಿ ಹಿಂದಿನ ಪ್ರತಿ ಗಾಡಿಯಲ್ಲೂ ಇರುತ್ತಿತ್ತು. ಈ ಗಾಡಿಯಲ್ಲಿ ಇರಲಿಲ್ಲ. ವಿಚಿತ್ರವೆಂದರೆ ಕಡ್ಡಿ ಇಳಿಯುವ ಕೊಳವೆ ಇತ್ತು, ಅದಕ್ಕೊಂದು ಮುಚ್ಚಳವೂ ಇತ್ತು. ಕಡ್ಡಿ ಮಾತ್ರ ಕಂಪನಿಯ ವರ್ಕ್‌ಶಾಪಿನಲ್ಲಿ. ಮಾಲೀಕ ನೋಡಬಾರದು, ಅವರು ಮಾತ್ರ ನೋಡಬೇಕು. ಷೋರೂಮಿನ ಹುಡುಗ ಶಿವಯೋಗೆಪ್ಪನವರಿಗೆ, “ಎಣ್ಣೆ ನೋಡುವುದು ನಿಮ್ಮ ಕೆಲಸವಲ್ಲ ಸರ್, ಬೇಕಾದಾಗ ಗಾಡಿಯೇ ಹೇಳುತ್ತದೆ” ಎಂದನಂತೆ. ಇವರು, “ಕೂಸು ಹಸಿದ್ರ ಅಳತೈತಿ, ಖರೇ. ಹಂಗಂತ ಹೊಟ್ಟಿ ಮುಟ್ಟಿ ನೋಡಬ್ಯಾಡ ಅಂತ ಅದರ ತಾಯಿಗೆ ಹೇಳೂ ದವಾಖಾನಿ ನಾ ಎಲ್ಲೂ ಕಂಡಿಲ್ಲಪಾ” ಎಂದು ಎದ್ದು ಬಂದರು. ಆ ಭಾನುವಾರ ದಾವಲಸಾಬರು ಹಳೆ ಎಣ್ಣೆಯನ್ನೆಲ್ಲ ಇಳಿಸಿ, ಗಾಡಿಯ ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಒಂದು ಲೀಟರು ಕಡಿಮೆ ಹೊಯ್ದು, ಸೈಕಲ್ಲಿನ ಬ್ರೇಕ್ ತಂತಿಯನ್ನು ಕೊಳವೆಯೊಳಗೆ ಇಳಿಸಿ, ಒದ್ದೆಯಾದ ಕಡೆ ಅರದಿಂದ ಒಂದು ಕಚ್ಚು ಹಾಕಿದರು. ಉಳಿದ ಲೀಟರು ಹೊಯ್ದು ಇನ್ನೊಂದು ಕಚ್ಚು. ಅಷ್ಟೇ. ಅದು ತಂತಿಯಾದರೂ ನಮ್ಮ ಮನೆಯಲ್ಲಿ ಅದರ ಹೆಸರು ಕಡ್ಡಿ. ನಮ್ಮ ಕಡೆ ಯಾರಾದರೂ ಮುಚ್ಚುಮರೆಯಿಲ್ಲದೆ ಮಾತಾಡಿದರೆ ‘ಕಡ್ಡಿ ಮುರಿದಂಗ ಹೇಳಿದ’ ಎನ್ನುತ್ತೇವೆ. ನಮ್ಮ ಮನೆಯಲ್ಲಿ ಮಾತ್ರ ‘ಕಡ್ಡಿ ಅದ್ದಿ ಹೇಳು’ ಎನ್ನುವುದು ರೂಢಿ: ನೋಡಿ ಹೇಳು, ಕೇಳಿ ಹೇಳಬೇಡ. ನಾನು ಹದಿನೈದನೆಯ ವಯಸ್ಸಿನಿಂದ ಪ್ರತಿ ಭಾನುವಾರ ಕಡ್ಡಿ ಅದ್ದಿದ್ದೇನೆ. ಅದ್ದದೆ ಬರೆದದ್ದು ಒಂದೇ ಒಂದು ವಾಕ್ಯ. ಅದೇ ಈ ನಾಡನ್ನು ಕೆಡಿಸಿತು.

ಎಣಿಕೆ 45ರಲ್ಲಿ ಮುಚ್ಚಳ ಕಾಯಿದೆ ಬಂತು. ಯಾವುದೇ ಯಂತ್ರದ ಮುಚ್ಚಳವನ್ನು ‘ಬಲ್ಲವರು’ ಮಾತ್ರ ತೆಗೆಯಬಹುದು ಎಂದು ಅದು ಹೇಳಿತು. ಬಲ್ಲವರು ಎಂದರೆ ಕಂಪನಿಯಿಂದ ಪರವಾನಗಿ ಪಡೆದವರು. ಬಲ್ಲವರಲ್ಲದವರು ತೆಗೆದರೆ ಅಪರಾಧ. ಪ್ರತಿ ಯಂತ್ರವೂ ದಿನಕ್ಕೊಮ್ಮೆ ತನ್ನ ಸುದ್ದಿಯನ್ನು ಕಂಪನಿಗೆ ಒಪ್ಪಿಸಬೇಕು, ಒಪ್ಪಿಸಲು ಬಾರದ ಹಳೆಯವು ಒತ್ತುಗಿರಣಿಗೆ ಹೋಗಿ ತಗಡಿನ ಇಟ್ಟಿಗೆಯಾಗಬೇಕು. ಆಗ ಮನೆಮನೆಯಲ್ಲಿ ಹಳೆಯ ಗಾಡಿಗಳಿದ್ದವು. ಊರು ಸಿಟ್ಟಿಗೆದ್ದಿತು. ಮನವಿ ಬರೆಯಲು ಓದಿದವರು ಬೇಕಿತ್ತು, ನನ್ನ ಹತ್ತಿರ ಬಂದರು. ನನಗೆ ಮೂವತ್ತೊಂದು ವರ್ಷ, ಚೆಂದದ ವಾಕ್ಯದ ಹುಚ್ಚು. ‘ಈ ಗಾಡಿ ನನ್ನದು, ಇದನ್ನು ಬಿಚ್ಚುವುದು ಕೂಡಿಸುವುದು ನನ್ನ ಹಕ್ಕು’ ಎಂದು ಬರೆಯಬಹುದಿತ್ತು. ಅದು ಒಣಒಣ ಅನ್ನಿಸಿತು. ಆಯುಧ ಪೂಜೆಗೆ ಗಾಡಿ ತೊಳೆದು, ಕುಂಕುಮ ಹಚ್ಚಿ, ಚೆಂಡುಹೂ ಕಟ್ಟಿ, ಚಕ್ರದ ಕೆಳಗೆ ನಿಂಬೆಹಣ್ಣಿಡುವ ಜನ ನಾವು. ಅದನ್ನು ನೆನೆದು ಹೀಗೆ ಬರೆದೆ: “ನಿಮಗೆ ಇದು ಯಂತ್ರ, ನಮಗೆ ಮನೆದೇವರು; ದೇವರನ್ನು ಮನೆಯಿಂದ ಹೊರಹಾಕಿದ ಅರಸೊತ್ತಿಗೆ ಯಾವುದೂ ಬಾಳಿಲ್ಲ.”

ಓದಿದವರೆಲ್ಲ ತಲೆದೂಗಿದರು. ಎಪ್ಪತ್ತು ಸಾವಿರ ಜನ ಸಹಿ ಹಾಕಿದರು. ಮೂರೇ ವಾರದಲ್ಲಿ ಉತ್ತರ ಬಂತು: ಮನವಿಯನ್ನು ಗೌರವದಿಂದ ಒಪ್ಪಲಾಗಿದೆ. ಪೂಜೆಗೊಳ್ಳುವ ಯಂತ್ರಗಳು ಮನೆಯಲ್ಲೇ ಇರಬಹುದು. ದೇವರಾದ್ದರಿಂದ ಅವು ಪ್ರತಿಷ್ಠೆಗೊಂಡ ಸ್ಥಳ ಬಿಟ್ಟು ಕದಲಬಾರದು. ಕದಲದಂತೆ ಎಂಜಿನ್ನಿಗೆ ಅರಗು ಹೊಯ್ಯಲಾಗುವುದು. ವರ್ಷಕ್ಕೊಮ್ಮೆ ಆಯುಧ ಪೂಜೆಯ ದಿನ ಕೈಯಿಂದ ತಳ್ಳಿ ಓಣಿ ಸುತ್ತಿಸಬಹುದು. ನನ್ನದೇ ಮಾತಿನಿಂದ ನನ್ನ ಕೈ ಕಟ್ಟಿದ್ದರು. ದೇವರೆಂದು ಕೇಳಿಕೊಂಡವರು ಅದು ಓಡಲಿ ಎಂದು ಮತ್ತೆ ಹೇಗೆ ಕೇಳುವುದು? ಜನ ಕುಣಿದು ಸಿಹಿ ಹಂಚಿದರು. ಒಂದೇ ವರ್ಷದೊಳಗೆ ಈ ನಾಡಿನ ಅಷ್ಟೂ ಗಾಡಿಗಳು ಮೂರ್ತಿಗಳಾದವು. ಇಂದಿಗೂ ಓಣಿಗೆ ಎರಡೋ ಮೂರೋ ನಿಂತಿವೆ, ಮೇಲೆ ತಗಡಿನ ಗೋಪುರ, ಮುಂದೆ ಗಂಟೆ. ನಿಮ್ಮ ಮರಿಮಕ್ಕಳು ನಿಮ್ಮ ಗಾಡಿಗೆ ಮಂಗಳಾರತಿ ಮಾಡುತ್ತಾರೆ, ಅದರ ಡೀಸೆಲ್ ಟ್ಯಾಂಕು ಯಾವ ಕಡೆಗಿದೆ ಎಂದು ಕೇಳಿದರೆ ಬೆಬ್ಬಳಿಸುತ್ತಾರೆ.

ನಮ್ಮದು ಉಳಿದದ್ದು ಅವ್ವನಿಂದ. ಸಿಹಿ ಹಂಚಿ ಮನೆಗೆ ಬಂದ ನನ್ನನ್ನು ಅವ್ವ ಬಾಗಿಲಲ್ಲೇ ನಿಲ್ಲಿಸಿ, “ಏನ್ ಬರದಿ ಅನ್ನೂದು ಕಡ್ಡಿ ಅದ್ದಿ ನೋಡಿದ್ಯೇನ?” ಎಂದು ಕೇಳಿದಳು. ಆಕೆ ನದಾಫರ ಮನೆಗೆ ಹೇಳಿ ಕಳಿಸಿದಳು. ಅವರು ಎಂಜಿನ್ನನ್ನು ಇಳಿಸಿ ನಮ್ಮ ಜೋಳದ ಚೀಲಗಳ ಹಿಂದೆ ಇಟ್ಟು, ಅದರ ಜಾಗದಲ್ಲಿ ಗುಜರಿಯ ಲಾರಿ ಎಂಜಿನ್ನು ಕೂಡಿಸಿದರು. ಇಲಾಖೆಯವರು ಬಂದು ಭಕ್ತಿಯಿಂದ ಅದಕ್ಕೆ ಅರಗು ಹೊಯ್ದು ಪ್ರಮಾಣಪತ್ರ ಕೊಟ್ಟು ಹೋದರು. ಮುಂದಿನ ವಾರ ನಮ್ಮ ಎಂಜಿನ್ನು ಮತ್ತೆ ತನ್ನ ಜಾಗಕ್ಕೆ ಬಂತು. ನಲವತ್ತಮೂರು ವರ್ಷ ನಾನು ನಸುಕಿನಲ್ಲಿ ಹಿತ್ತಲ ದಾರಿಯಿಂದ ಹೊರಡುವಾಗ ಗಾಡಿಯ ಕುಂಕುಮ ಒರೆಸಿದ್ದೇನೆ, ಕತ್ತಲಾದ ಮೇಲೆ ತಿರುಗಿ ಬಂದಾಗ ಹಚ್ಚಿದ್ದೇನೆ. ಸದ್ದು ಕೇಳಿದ ಓಣಿಯವರು ಇಲಾಖೆಗೆ ಹೇಳಲಿಲ್ಲ.

ಎಲ್ಲಿಗೆ ಹೊರಡುತ್ತಿದ್ದೆ ಎಂದು ನೀವು ಕೇಳಬಹುದು. ಕೊತ್ತಂಬರಿಗಲ್ಲ. ನಮ್ಮಲ್ಲಿ ಈಗ ಯಾರೂ ಗಾಡಿ ಇಟ್ಟುಕೊಳ್ಳುವುದಿಲ್ಲ, ಕರೆಗಾಡಿ ಬರುತ್ತದೆ: ಕರೆದರೆ ಬಾಗಿಲಿಗೆ ಬಂದು ನಿಲ್ಲುವ, ಚಾಲಕನಿಲ್ಲದ, ಹಗುರವಾದ ಡಬ್ಬಿ. ಪಟ್ಟಣದೊಳಗೆ ಅದು ಚೆಂದ, ಸುಳ್ಳು ಹೇಳುವುದಿಲ್ಲ. ಆದರೆ ಅದು ಗೆರೆ ಎಳೆದ ದಾರಿಯಲ್ಲಿ ಮಾತ್ರ ಹೋಗುತ್ತದೆ. ಬೆಣ್ಣಿಹಳ್ಳ ದಾಟಿ ನವಲಗುಂದದ ಕಡೆಗೆ ಇರುವ ಆರು ಹಳ್ಳಿಗಳಿಗೆ ಯಾರೂ ಗೆರೆ ಎಳೆದಿಲ್ಲ. ಅಲ್ಲಿಯದು ಎರಿ ನೆಲ, ಕಾಲಿಗಂಟುವ ಕಪ್ಪು ಮಣ್ಣು. ಮಳೆ ಬಿದ್ದರೆ ಕಾಲಿಟ್ಟವನ ಚಪ್ಪಲಿ ನೆಲಕ್ಕೇ ಸೇರಿತು. ಅಲ್ಲಿಯ ಜನ ನೀರಿಗೆ ಕೈಬೋರುಗಳನ್ನೇ ನಂಬಿದ್ದಾರೆ. ಬೋರು ಕೆಟ್ಟರೆ ಬಲ್ಲವರು ಬರಬೇಕು, ಬಲ್ಲವರು ಕರೆಗಾಡಿಯಲ್ಲಿ ಬರಬೇಕು, ಕರೆಗಾಡಿ ಬರುವುದಿಲ್ಲ. ಆದ್ದರಿಂದ ಹೋಗುವವರು ನಾವಿಬ್ಬರು: ದಾವಲಸಾಬರ ಮರಿಮಗಳು ಹಜರತಬಿ ಮತ್ತು ನಾನು. ಆಕೆಗೆ ಅರವತ್ತೊಂದು. ಬೋರಿನ ಹಿಡಿಯನ್ನು ಎರಡು ಸಲ ಒತ್ತಿ, ಕಿವಿಗೊಟ್ಟು, ವಾಷರ್ ಹರಿದಿದೆಯೋ ಪೈಪು ಸೀಳಿದೆಯೋ ಹೇಳುತ್ತಾಳೆ. ಆ ಚರ್ಮದ ಸೀಟುಗಳನ್ನು ಮಡಚಿ ಹತ್ತಡಿಯ ಕಬ್ಬಿಣದ ಪೈಪುಗಳನ್ನು ಹೇರುತ್ತೇವೆ. ನಾಲ್ಕೂ ಚಕ್ರಕ್ಕೆ ಬಲ ಹೋಗುವ ಗಾಡಿ, ಎರಿಯಲ್ಲಿ ಎಮ್ಮೆಯಂತೆ ನಿಧಾನವಾಗಿ, ನಿಲ್ಲದೆ ನಡೆಯುತ್ತದೆ. ಅದನ್ನು ಮಾಡಿದವರು ಯಾವ ಹಿಮದ ದೇಶವನ್ನು ನೆನೆದು ಮಾಡಿದರೋ, ಅದರ ನಿಜವಾದ ಊರು ಇದು.

ಸಿಕ್ಕಿಬಿದ್ದದ್ದು ಈ ತಿಂಗಳ ಆರನೆಯ ತಾರೀಖು. ಮೂರು ದಿನ ಮಳೆ ಹೊಡೆದಿತ್ತು. ಮಧ್ಯಾಹ್ನ ಬೋರು ಸರಿಮಾಡಿ ಮರಳುತ್ತಿದ್ದೆವು. ಹಳ್ಳದ ಈಚೆ ದಡದ ತಗ್ಗಿನಲ್ಲಿ ಒಂದು ಕರೆಗಾಡಿ ಅರ್ಧ ಚಕ್ರ ಹೂತುಕೊಂಡು ನಿಂತಿತ್ತು. ಒಳಗಿನ ಧ್ವನಿ ಬಿಡದೆ ಹೇಳುತ್ತಿತ್ತು: “ಪ್ರಯಾಣಿಕರೇ, ಮುಂದೆ ದಾರಿ ಇಲ್ಲ. ದಯವಿಟ್ಟು ಇನ್ನೊಂದು ಗಾಡಿಯನ್ನು ಕರೆಯಿರಿ.” ಒಬ್ಬ ಯುವಕ ಕಿಟಕಿಯಿಂದ ಅರ್ಧ ಮೈ ಹೊರಹಾಕಿ ನಮ್ಮನ್ನು ನೋಡುತ್ತಿದ್ದ. ಹಳ್ಳದ ನೀರು ಅವನ ಬಾಗಿಲು ಮುಟ್ಟಿತ್ತು.

“ಅಕ್ಕೋರ, ಬಾಗಲಾ ಮ್ಯಾಲ ಇಲಾಖಿ ಮುದ್ರಿ ಐತಿ ನೋಡ್ರಿ,” ಎಂದಳು ಹಜರತಬಿ. “ನೋಡದವರಂಗ ಹೋಗಿಬಿಡೂಣು?”

“ನೀರು ಏರಾಕ ಹತ್ತೈತಿ.”

“ಏರಲಿ ಬಿಡ್ರಿ. ಈಸು ಕಲೀತಾನ.” ಹೀಗೆನ್ನುತ್ತಲೇ ಆಕೆ ಹಿಂದಿನಿಂದ ಹಗ್ಗ ಎಳೆದುಕೊಂಡು ಕೆಳಗಿಳಿದಿದ್ದಳು.

ಎಳೆದು ಗಟ್ಟಿ ನೆಲಕ್ಕೆ ಹಾಕಿದೆವು. ಅವನ ಡಬ್ಬಿ ಕದಲದಾದಾಗ ಅವನನ್ನೂ ಹತ್ತಿಸಿಕೊಂಡೆವು. ಬೂಟು ಕೈಯಲ್ಲಿ ಹಿಡಿದು, ಪೈಪುಗಳ ನಡುವೆ ಮುದುಡಿ ಕೂತು ಅವನು ಸುತ್ತಲೂ ನೋಡಿದ. ಎಂಜಿನ್ನಿನ ಸದ್ದು ಅವನು ಹುಟ್ಟಿದ ಮೇಲೆ ಕೇಳಿರಲಿಲ್ಲ.

“ಇದು... ಅರಗ ಹೊಯ್ದ ಗಾಡಿ ಅಲ್ಲೇನ್ರಿ? ಪಟ್ಟಿಯೊಳಗ ದೇವ್ರು ಅಂತ ಐತಲ್ರಿ ಇದು.”

“ಹೌದ್ರಿ ಸಾಹೇಬ್ರ,” ಎಂದಳು ಹಜರತಬಿ, ದಾರಿಯಿಂದ ಕಣ್ಣು ತೆಗೆಯದೆ. “ಭಕ್ತರು ಕಷ್ಟದಾಗ ಕರದ್ರ ದೇವ್ರು ಎದ್ದು ಬರತಾನ್ರಿ. ನೀವು ಕರದ್ರಿ, ಬಂತು.”

ಅವನ ಹೆಸರು ವಿಶ್ವಜಿತ್ ಕೊಣ್ಣೂರ, ಯಂತ್ರ ಕ್ಷೇಮ ಇಲಾಖೆಯ ತನಿಖಾಧಿಕಾರಿ. ಇಳಿದು ಹೋಗುವಾಗ ನನ್ನ ಕಾಲು ಮುಟ್ಟಿ ನಮಸ್ಕರಿಸಿದ. ನಾಲ್ಕನೆಯ ದಿನ ಅವನದೇ ಸಹಿಯ ನೋಟೀಸು ಬಂತು. ಹೊಳೆ ದಾಟಿದ ಮೇಲೆ ಅಂಬಿಗ ಯಾರೋ. ನೋಟೀಸಿನಲ್ಲಿ ನಮ್ಮ ಹಗ್ಗವೂ ಸಾಕ್ಷಿಯಾಗಿತ್ತು, ಉದ್ದ ಸಮೇತ.

ಆದರೂ ಅವನು ಕೆಟ್ಟವನಲ್ಲ. ಇಂದು ಬೆಳಿಗ್ಗೆ ತಾನೇ ಮನೆಗೆ ಬಂದ, ಕೈಯಲ್ಲಿ ಒಂದು ಫಾರ್ಮು. ಹಜರತಬಿ ಕಟ್ಟೆಯ ಮೇಲೆ ಕೂತು ಹಳೆ ವಾಷರುಗಳನ್ನು ಆರಿಸುತ್ತಿದ್ದಳು. ಚಹಾ ಕೊಟ್ಟೆ. ಅವನು ಲೋಟ ಹಿಡಿದು ಪಾಠ ಒಪ್ಪಿಸುವವನಂತೆ ನೆಟ್ಟಗೆ ಕೂತು ಹೇಳಿದ: “ಅಕ್ಕೋರ, ನಿಮ್ಮ ಮಾತು ನಮಗ ಆರನೇತ್ತಾಗ ಪಾಠ ಇತ್ರಿ. ಬಾಯಿಪಾಠ ಮಾಡಸಿದ್ರು.” ಮನೆದೇವರ ಆ ವಾಕ್ಯವನ್ನು ಅಷ್ಟೂ ಹೇಳಿ ಮುಗಿಸಿದ, ಒಂದಕ್ಷರ ತಪ್ಪದೆ. ನನ್ನ ಮೂವತ್ತೊಂದರ ವಾಕ್ಯ ನನ್ನ ಅಂಗಳದಲ್ಲೇ ನನಗೆ ಕೇಳಿಸಿತು. ಚೆಂದವಾಗಿಯೇ ಇತ್ತು, ಅದೇ ಸಂಕಟ.

“ಇದಕ್ಕ ಒಂದ್ ಸಹಿ ಹಾಕಿಬಿಡ್ರಿ,” ಎಂದ. “ಗಾಡಿ ಪೂಜಿ ವಸ್ತು ಅಂತ ನೀವ ಇನ್ನೊಮ್ಮಿ ಹೇಳಿದಂಗ ಆತು. ಹಳೇ ಅರಗು ಸಡ್ಲಾಗಿತ್ತು ಅಂತ ನಾ ವರದಿ ಬರೀತೇನಿ. ಇಪ್ಪತ್ತೊಂದಕ್ಕ ಬಂದು ಹೊಸಾ ಅರಗ ಹೊಯ್ದು ಹೋಗ್ತಾರ. ಗಾಡಿನೂ ಉಳೀತೈತಿ, ನೀವೂ ಉಳೀತೀರಿ.”

“ಉಳದು ಏನ್ ಮಾಡ್ಬೇಕಪಾ ಅದು?”

“ಪೂಜಿ ಮಾಡ್ರಿ.”

“ಸಾಹೇಬ್ರ,” ಎಂದಳು ಹಜರತಬಿ ಕಟ್ಟೆಯಿಂದ, “ಅವತ್ತ ಹಳ್ಳದಾಗ ನೀವು ಪೂಜಿ ಮಾಡಿದ್ರೋ, ಹಗ್ಗ ಹಿಡದ್ರೋ?”

ಅವನು ಲೋಟದೊಳಗೆ ನೋಡಿದ. ಸಹಿ ಹಾಕದಿದ್ದರೆ ಏನೆಂದು ನಾನೇ ಕೇಳಿದೆ. ತಗ್ಗಿದ ದನಿಯಲ್ಲಿ ಹೇಳಿದ: ಗಾಡಿ ಒತ್ತುಗಿರಣಿಗೆ, ನಮ್ಮಿಬ್ಬರಿಗೂ ಕರೆ ಬಂದ್. ಈ ಮಾತು ನಿಮಗೆ ಹೊಸದು. ಕರೆ ಬಂದ್ ಆದವರು ಕರೆದರೆ ಗಾಡಿ ಬರುವುದಿಲ್ಲ, ದವಾಖಾನೆಯ ಬಾಗಿಲು ತೆರೆಯುವುದಿಲ್ಲ, ಅಂಗಡಿ ಸಾಮಾನು ಕೊಡುವುದಿಲ್ಲ. ಬದುಕಿರುವವರೆಗೆ. ನನ್ನ ಒಂದು ಕಣ್ಣಿನ ಪೊರೆ ಇನ್ನೂ ತೆಗೆಸಿಲ್ಲ, ಅದು ತಟ್ಟನೆ ನೆನಪಾಯಿತು. ಆರು ಹಳ್ಳಿಯ ಇಪ್ಪತ್ತಮೂರು ಬೋರುಗಳೂ ನೆನಪಾದವು. ಹಜರತಬಿಯ ಮುಖ ನೋಡಿದೆ. ಆಕೆ ಒಂದು ವಾಷರನ್ನು ಬೆಳಕಿಗೆ ಹಿಡಿದು, “ಇದು ನಡೀತೈತಿ,” ಎಂದು ಒಳ್ಳೆಯವುಗಳ ಗುಂಪಿಗೆ ಹಾಕಿದಳು.

ನಾನು ಪೆನ್ನು ತೆಗೆದುಕೊಂಡು ಸಹಿಯ ಜಾಗದಲ್ಲಿ ಬರೆದೆ: ‘ಇದು ದೇವರಲ್ಲ, ಗಾಡಿ. ನನ್ನದು. ಇದನ್ನು ನಾವೇ ಬಿಚ್ಚಿದ್ದೇವೆ, ನಾವೇ ಓಡಿಸಿದ್ದೇವೆ. ಎಣಿಕೆ 45ರಲ್ಲಿ ನಾನು ಬರೆದುಕೊಟ್ಟ ವಾಕ್ಯ ಸುಳ್ಳು, ಅದನ್ನು ಹಿಂದಕ್ಕೆ ಪಡೆದಿದ್ದೇನೆ.’ ಕೆಳಗೆ ಹೆಸರು, ತಾರೀಖು.

ಅವನು ಓದಿ, ಮತ್ತೊಮ್ಮೆ ಓದಿದ. “ಅಕ್ಕೋರ, ಇದನ್ನ ನಾ ಹೆಂಗ ಮ್ಯಾಲ ಕಳಸ್ಲಿ?”

“ಆರನೇತ್ತಕ್ಕ ಇದನ್ನೂ ಪಾಠ ಇಡ್ರಿ ಅಂತ ಬರದು ಕಳಸು.”

ಅವನು ಫಾರ್ಮನ್ನು ಮಡಚಿ ಜೇಬಿನಲ್ಲಿಟ್ಟುಕೊಂಡ. ಬಾಗಿಲವರೆಗೆ ಹೋಗಿ ನಿಂತು, ತಿರುಗಿ ನೋಡದೆ, ಇಲಾಖೆಯವರು ಇಪ್ಪತ್ತೊಂದರ ಬೆಳಿಗ್ಗೆ ಹನ್ನೊಂದರ ಮೊದಲು ಬರುವುದಿಲ್ಲ ಎಂದ. ನಾವು ಕೇಳಿರಲಿಲ್ಲ.

ಅಲ್ಲಿಯವರೆಗೆ ಕಾಯುವವರು ಯಾರು? ನಾಳೆ ಬೆಳಿಗ್ಗೆ ಎಂಟಕ್ಕೆ ಹೊರಡುತ್ತೇವೆ, ಓಣಿಯ ನಡುವಿನಿಂದ, ಎಲ್ಲರೂ ನೋಡುವಂತೆ. ಬೆಣ್ಣಿಹಳ್ಳ ದಾಟಿ ಆ ಆರು ಹಳ್ಳಿಗಳಲ್ಲಿ ಇದ್ದುಬಿಡುತ್ತೇವೆ. ಅಲ್ಲಿ ಕರೆ ಬಂದ್ ಎಂಬ ಶಿಕ್ಷೆಗೆ ಅರ್ಥವಿಲ್ಲ. ಆ ಜನರ ಕರೆಗೆ ಎಂದೂ ಯಾರೂ ಓಗೊಟ್ಟೇ ಇಲ್ಲ. ಒಬ್ಬರು ತಮ್ಮ ದನದ ಕೊಟ್ಟಿಗೆಯ ಅರ್ಧವನ್ನು ಗಾಡಿಗೆ ಬಿಟ್ಟುಕೊಡುತ್ತಾರಂತೆ. ಇನ್ನೊಬ್ಬರು ಕೇಳಿ ಕಳಿಸಿದ್ದಾರೆ, ಅಕ್ಕೋರು ನಮ್ಮ ಮಕ್ಕಳಿಗೆ ಓದು ಕಲಿಸುತ್ತಾರೇನು ಎಂದು. ಎಂಜಿನ್ನಿನ ಎಣ್ಣೆ ಬದಲಿಸುವುದನ್ನೂ ಕಲಿಸುತ್ತೇನೆ ಎಂದು ಹೇಳಿ ಕಳಿಸಿದ್ದೇನೆ. ಕಣ್ಣಿನ ಪೊರೆ ಹಾಗೇ ಇರಲಿ, ಇನ್ನೊಂದು ಕಣ್ಣಿದೆ. ಕಷ್ಟವಾದದ್ದು ಪುಸ್ತಕಗಳದು. ಸಾವಿರದ ಮೇಲಿವೆ.

“ಎಷ್ಟ್ ಹೇರ್ತೀರಿ?” ಎಂದು ಹಜರತಬಿ ಸಂಜೆ ಕೇಳಿದಳು. “ಪೈಪಿಗೆ ಜಾಗಾ ಬೇಕ್ರಿ.”

“ನಲವತ್ತು.”

“ಹತ್ತು. ಓದಿದ್ದು ಬಿಡ್ರಿ, ಓದದ್ದು ತಗೋರಿ.”

ಈಕೆ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಪುಸ್ತಕ ಆರಿಸುವ ಬಗೆಯನ್ನು ಇಷ್ಟು ಸರಿಯಾಗಿ ನನಗೆ ಯಾರೂ ಹೇಳಿರಲಿಲ್ಲ.

ಇಲಾಖೆಯವರು ಬೆನ್ನು ಹತ್ತುತ್ತಾರೆಯೇ ಎಂದು ನೀವು ಕೇಳುತ್ತೀರಿ. ಹತ್ತಲಿ. ಅವರ ಡಬ್ಬಿಗಳು ಎರಿಯಲ್ಲಿ ಒಂದು ಮಾರು ಬರುವುದಿಲ್ಲ. ಈ ಗಾಡಿಯನ್ನು ಅಲ್ಲಿಂದ ಎಳೆದು ತರಲು ಇದರಂಥದೇ ಇನ್ನೊಂದು ಗಾಡಿ ಬೇಕು. ಅಂಥವು ಈ ನಾಡಿನಲ್ಲಿ ಸಾವಿರಾರು ಇದ್ದವು. ಎಲ್ಲವೂ ಈಗ ಅರಗು ಕುಡಿದು ಗೋಪುರದ ಕೆಳಗೆ ನಿಂತಿವೆ. ಬರೆದವಳು ನಾನು, ಮೆಚ್ಚಿ ಜಾರಿಗೆ ತಂದವರು ಅವರು. ಈಗ ಆ ದೇವರುಗಳಲ್ಲಿ ಒಂದನ್ನಾದರೂ ಎಬ್ಬಿಸಿಕೊಂಡು ಬರಲಿ, ನೋಡೋಣ. ಎಬ್ಬಿಸಬೇಕಾದರೆ ಯಾರಾದರೂ ಮುಚ್ಚಳ ತೆಗೆಯಬೇಕು, ಒಳಗಿನದನ್ನು ಬಿಚ್ಚಬೇಕು, ಸವೆದದ್ದನ್ನು ತಿಕ್ಕಿ ಮತ್ತೆ ಕೂಡಿಸಬೇಕು. ಹಾಗೆ ಮಾಡಬಲ್ಲ ಒಬ್ಬ ಮನುಷ್ಯನನ್ನು ಅವರು ತಯಾರು ಮಾಡಿದ ದಿನ ನಾನು ಗಾಡಿಯನ್ನು ನಾನಾಗಿಯೇ ಬಿಟ್ಟುಕೊಡುತ್ತೇನೆ, ಚಹಾ ಮಾಡಿಕೊಡುತ್ತೇನೆ, ಏಕೆಂದರೆ ಅಂದು ಅವರು ನಮ್ಮವರಾಗಿರುತ್ತಾರೆ.

ಇನ್ನು ನಿಮ್ಮ ಪಾಲಿನದು. ನಮಗೆ ಬಂದ ಕಾಯಿದೆಯ ಮೊದಲ ಸಾಲುಗಳನ್ನು ನಿಮ್ಮ ಕಾಲದಲ್ಲೇ ಎಲ್ಲೋ ಬರೆಯಲಾಗುತ್ತಿದೆ, ಯಾವುದೋ ಗಾಡಿಯ ಪುಸ್ತಕದ ಕೊನೆಯ ಪುಟದಲ್ಲಿ, ಸಣ್ಣ ಅಕ್ಷರದಲ್ಲಿ. ನಿಮ್ಮ ಅಂಗಳದಲ್ಲಿ ಹಳೆಯ ಗಾಡಿ ನಿಂತಿದ್ದರೆ ಈ ಭಾನುವಾರ ಬಾನೆಟ್ ಎತ್ತಿ. ಗೊತ್ತಿಲ್ಲದ್ದನ್ನು ಗೊತ್ತಿದ್ದವರಿಗೆ ಕೇಳಿ, ಕೈ ಕೊಳೆ ಮಾಡಿಕೊಳ್ಳಿ, ಹೆಣ್ಣುಮಕ್ಕಳನ್ನೂ ಪಕ್ಕಕ್ಕೆ ನಿಲ್ಲಿಸಿಕೊಳ್ಳಿ. ಒಂದು ದಿನ ಯಾರೋ ಬಂದು ನಯವಾಗಿ ಕೇಳುತ್ತಾರೆ, ಈ ಹಳೆಯದನ್ನು ಯಾಕೆ ಇಟ್ಟುಕೊಂಡಿದ್ದೀರಿ ಎಂದು. ಆಗ ನೆನಪು ಎನ್ನಬೇಡಿ, ಪ್ರೀತಿ ಎನ್ನಬೇಡಿ, ಅಪ್ಪನ ಗುರುತು ಎನ್ನಬೇಡಿ. ಅವರು ನಿಮ್ಮ ಪ್ರೀತಿಯನ್ನು ಗೌರವದಿಂದ ಒಪ್ಪಿಕೊಂಡು ಅದಕ್ಕೆ ಅರಗು ಹೊಯ್ಯುತ್ತಾರೆ. ‘ನನ್ನದು, ಓಡುತ್ತದೆ’ ಎನ್ನಿ. ಅದರ ಮೇಲೆ ಒಂದಕ್ಷರವೂ ಬೇಡ.

ನೀಲಾಂಬಿಕಾ ಹುಲಕೋಟಿ